ವಿಶ್ವಕಪ್ ಆಡದ ಕಜು

ಜಪಾನಿನ ಫುಟ್ಬಾಲ್ ಆಟಗಾರರ ಹೆಸರು ಹೇಳಿ ಅಂದರೆ ನಮ್ಮಲ್ಲಿ ಹೆಚ್ಚಿನವರು ನಕಾಟಾ, ಹೋಂಡಾ, ಕಗಾವಾ ಅನ್ನುತ್ತಾರೆ. ಈಗಿನ ಹುಡುಗರಾದರೆ ಮಿತೋಮಾ ಅನ್ನಬಹುದು. ಇವರೆಲ್ಲ ವಿಶ್ವಕಪ್ ಆಡಿದವರು, ಯೂರೋಪಿನ ಕ್ಲಬ್ಬುಗಳಲ್ಲಿ ಹೆಸರು ಮಾಡಿದವರು. ಆದರೆ ಇವರಿಗಿಂತ ಮುಂಚೆ ಹೋಗಿ ದಾರಿಯ ಮುಳ್ಳು ತೆಗೆದ ಒಬ್ಬ ಫಾರ್ವರ್ಡ್ ಇದ್ದಾನೆ. ಹೆಸರು ಕಜುಯೋಶಿ ಮಿಯುರಾ, ಜಪಾನಿಗರ ಬಾಯಲ್ಲಿ ಬರೀ ‘ಕಜು’. ದೇಶದ ಪರ 89 ಪಂದ್ಯ, 55 ಗೋಲು. ವಿಶ್ವಕಪ್ಪಿನಲ್ಲಿ ಆಡಿದ ಪಂದ್ಯಗಳೆಷ್ಟು? ಸೊನ್ನೆ!

ಕ್ರಿಕೆಟ್ ನೋಡುವವರಿಗೆ ಇಲ್ಲಿ ಲಕ್ಷ್ಮಣ್ ನೆನಪಾಗಬಹುದು. 134 ಟೆಸ್ಟ್ ಆಡಿದ ಅವನಿಗೂ ಒಂದೇ ಒಂದು ವಿಶ್ವಕಪ್ ಪಂದ್ಯ ದಕ್ಕಲಿಲ್ಲ. ಆದರೆ ಕಜುವಿನ ಕಥೆ ಇನ್ನೂ ವಿಚಿತ್ರ.

ಕಜು ಹುಟ್ಟಿದ್ದು 1967ರ ಫೆಬ್ರವರಿ 26ರಂದು, ಶಿಜುವೋಕಾದಲ್ಲಿ. ಆಗಿನ ಜಪಾನಿನಲ್ಲಿ ಫುಟ್ಬಾಲ್ ಅನ್ನೋದು ಒಂದು ವೃತ್ತಿಯೇ ಆಗಿರಲಿಲ್ಲ. 1965ರಲ್ಲಿ ಶುರುವಾದ ಅಲ್ಲಿನ ಲೀಗ್‌ನಲ್ಲಿ ಆಡುತ್ತಿದ್ದುದು ಮಿತ್ಸುಬಿಷಿ, ಯಾನ್ಮಾರ್, ನಿಸ್ಸಾನ್ ಥರದ ಕಂಪನಿ ತಂಡಗಳು. ನಮ್ಮ ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ತಂಡಗಳನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೇ. ಆಟಗಾರ ಅಂದರೆ ಮೊದಲು ಆ ಕಂಪನಿಯ ನೌಕರ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ 7 ಗೋಲು ಹೊಡೆದು ಜಪಾನಿಗೆ ಕಂಚು ತಂದುಕೊಟ್ಟ ಕುನಿಶಿಗೆ ಕಾಮಾಮೊಟೊ ಕೂಡ ಯಾನ್ಮಾರ್ ತಂಡದವನೇ. ಆ ಕಂಚಿನ ನಂತರ ಜಪಾನಿನ ಫುಟ್ಬಾಲ್ ಮತ್ತೆ ಮಂಕಾಯಿತು.

ಇಂಥ ಕಾಲದಲ್ಲಿ, 1982ರಲ್ಲಿ, 15 ವರ್ಷದ ಈ ಹುಡುಗ ಹೈಸ್ಕೂಲಿಗೆ ಶರಣು ಹೊಡೆದು ಒಬ್ಬನೇ ಬ್ರೆಜಿಲ್‌ಗೆ ವಿಮಾನ ಹತ್ತಿದ. ಫುಟ್ಬಾಲ್ ಆಡಿಯೇ ಹೊಟ್ಟೆ ಹೊರೆಯಬೇಕು ಅಂತ! ಸ್ವಲ್ಪ ಯೋಚಿಸಿ ನೋಡಿ, ಓದು ಬಿಟ್ಟರೆ ಊಟವಿಲ್ಲ ಅಂತ ನಂಬಿರುವ ನಮ್ಮ ಮನೆಗಳಲ್ಲಿ ಇದನ್ನು ಹೇಳಿದ್ದರೆ ಏನಾಗುತ್ತಿತ್ತು? ಜಪಾನಿನ ಮನೆಗಳೂ ಈ ವಿಷಯದಲ್ಲಿ ನಮಗಿಂತ ಕಮ್ಮಿಯೇನಲ್ಲ. ಸಾವೊ ಪೌಲೋದ ಜುವೆಂಟಸ್ ಕ್ಲಬ್ಬಿನಲ್ಲಿ ಕಲಿತು, 1986ರಲ್ಲಿ ಪೆಲೆ ಆಡಿದ ಸಾಂಟೋಸ್ ಕ್ಲಬ್ಬಿನ ಜತೆ ಕರಾರು ಮಾಡಿಕೊಂಡ. ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಅಲೆದಾಡಿ, ಮತ್ತೆ ಸಾಂಟೋಸ್ ಸೇರಿ, 1990ರಲ್ಲಿ ಜಪಾನಿಗೆ ಮರಳಿದ. ಸೇರಿದ್ದು ಯೋಮಿಯುರಿ ಕ್ಲಬ್ಬನ್ನು. ಮುಂದೆ ವೆರ್ಡಿ ಕವಾಸಾಕಿ ಆಗಿದ್ದು ಇದೇ ತಂಡ.

ಅವನು ಬಂದ ಸಮಯವೂ ಸರಿಯಾಗಿತ್ತು. 1993ರ ಮೇ 15ರಂದು ಹತ್ತು ಕ್ಲಬ್ಬುಗಳ ವೃತ್ತಿಪರ ‘ಜೆ ಲೀಗ್’ ಶುರುವಾಯಿತು. ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ವೆರ್ಡಿ ಮತ್ತು ಯೊಕೊಹಾಮಾ ಮರಿನೋಸ್ ನಡುವಿನ ಮೊದಲ ಪಂದ್ಯ ನೋಡಲು ಬಂದವರು 59,626 ಜನ. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಕಜುವಿಗೆ, ಲೀಗ್ ಕಿರೀಟ ವೆರ್ಡಿಗೆ. ಬ್ರೆಜಿಲ್‌ನಿಂದ ತಂದ ಕಾಲ್ಚಳಕ, ಗೋಲು ಹೊಡೆದಾಗಲೆಲ್ಲ ‘ಕಜು ಡಾನ್ಸ್’, ಥಳಥಳಿಸುವ ಸೂಟು... ಕಂಪನಿ ನೌಕರರ ಆಟಕ್ಕೆ ಒಬ್ಬ ಹೀರೋ ಸಿಕ್ಕಿದ್ದ.

ಇನ್ನು ಉಳಿದಿದ್ದು ವಿಶ್ವಕಪ್ ಮಾತ್ರ. ಜಪಾನ್ ಅಲ್ಲಿಯವರೆಗೆ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. 1992ರಲ್ಲಿ ಹಿರೋಷಿಮಾದಲ್ಲಿ ಮೊದಲ ಬಾರಿಗೆ ಏಷ್ಯಾ ಕಪ್ ಗೆದ್ದಿದ್ದರಿಂದ ಆಸೆ ಹೆಚ್ಚಾಗಿತ್ತು. 1993ರ ಅಕ್ಟೋಬರ್ 28, ಕತಾರಿನ ದೋಹಾ, ಕೊನೆಯ ಅರ್ಹತಾ ಪಂದ್ಯ, ಎದುರಾಳಿ ಇರಾಕ್. ಗೆದ್ದರೆ ಅಮೆರಿಕಾದ ವಿಶ್ವಕಪ್ಪಿಗೆ ಟಿಕೆಟ್ ಖಚಿತ. 5ನೇ ನಿಮಿಷದಲ್ಲೇ ಕಜು ಗೋಲು ಹೊಡೆದ. ಇರಾಕ್ ಸರಿಗಟ್ಟಿತು, ನಕಾಯಾಮಾ ಮತ್ತೊಂದು ಹೊಡೆದ. 2-1. ತೊಂಬತ್ತು ನಿಮಿಷ ಮುಗಿದೇಹೋಗಿತ್ತು. ಆಗ ಇರಾಕಿಗೆ ಒಂದು ಕಾರ್ನರ್. ನೇರವಾಗಿ ಒಳಗೆ ಹೊಡೆಯದೆ ಪಕ್ಕದವನಿಗೆ ಕೊಟ್ಟರು. ಅವನು ಚೆಂಡನ್ನು ಗೋಲಿನ ಮುಂದೆ ಎತ್ತಿ ಹಾಕುವಾಗ ತಡೆಯಲು ಓಡಿ ಬಂದು ಕಾಲು ಚಾಚಿದವನು ಯಾರು ಗೊತ್ತೇ? ನಮ್ಮ ಕಜು. ಚೆಂಡು ಅವನನ್ನು ದಾಟಿಹೋಯಿತು. ಒಂದು ಹೆಡರ್, 2-2. ಗೋಲುಗಳ ಅಂತರದ ಲೆಕ್ಕದಲ್ಲಿ ದಕ್ಷಿಣ ಕೊರಿಯಾ ಅಮೆರಿಕಾಕ್ಕೆ ಹೋಯಿತು, ಜಪಾನ್ ಮನೆಗೆ. ಜಪಾನಿಗರು ಇವತ್ತಿಗೂ ಇದನ್ನು ‘ದೋಹಾದ ದುರಂತ’ ಅಂತಲೇ ಕರೆಯುತ್ತಾರೆ.

ಮುಂದೆ 1994-95ರಲ್ಲಿ ಇಟಲಿಯ ಜೆನೋವಾ ತಂಡ ಸೇರಿ ಸೀರಿ ಎ ಆಡಿದ ಮೊದಲ ಜಪಾನಿಯಾದ. ಮೊದಲ ಪಂದ್ಯದಲ್ಲೇ ಮಿಲಾನಿನ ಬರೇಸಿಗೆ ಡಿಕ್ಕಿ ಹೊಡೆದು ಮುಖಕ್ಕೆ ಪೆಟ್ಟು ಮಾಡಿಕೊಂಡ. ಇಡೀ ಋತುವಿನಲ್ಲಿ ಲೀಗ್‌ನಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಊರಿನ ಬದ್ಧವೈರಿ ಸಾಂಪ್ಡೋರಿಯಾ ವಿರುದ್ಧ. ಇದನ್ನು ಸೋಲು ಅಂತ ಕರೆಯಬಹುದು. ಆದರೆ ನಕಾಟಾ ಪೆರುಜಿಯಾಕ್ಕೆ ಹೋಗಿದ್ದು ಇದಾಗಿ ಮೂರು ವರ್ಷ ಕಳೆದ ಮೇಲೆ, 1998ರಲ್ಲಿ ಅನ್ನೋದನ್ನು ಮರೆಯಬಾರದು.

1997ರಲ್ಲಿ ಮತ್ತೆ ಅರ್ಹತಾ ಪಂದ್ಯಗಳು. ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲೇ ಉಜ್ಬೇಕಿಸ್ತಾನದ ವಿರುದ್ಧ ಕಜು 4 ಗೋಲು ಬಾರಿಸಿದ, ಜಪಾನ್ 6-3ರಿಂದ ಗೆದ್ದಿತು. ಆಮೇಲೆ ಏನಾಯಿತೋ, ಗೋಲುಗಳು ಬತ್ತಿಹೋದವು. ಆ ಸುತ್ತಿನ ಉಳಿದ ಯಾವ ಪಂದ್ಯದಲ್ಲೂ ಅವನು ಗೋಲು ಹೊಡೆಯಲಿಲ್ಲ. ನಡುವೆ ಕೋಚ್ ಕಾಮೋ ಕೆಲಸ ಕಳೆದುಕೊಂಡ, ಸಹಾಯಕನಾಗಿದ್ದ ತಾಕೇಶಿ ಒಕಾಡಾ ಆ ಜಾಗಕ್ಕೆ ಬಂದ. ನವೆಂಬರ್ 16ರಂದು ಮಲೇಷ್ಯಾದ ಜೊಹೊರ್ ಬಹ್ರುನಲ್ಲಿ ಇರಾನ್ ವಿರುದ್ಧ ನಿರ್ಣಾಯಕ ಪಂದ್ಯ. ಜಪಾನ್ 1-2ರಿಂದ ಹಿಂದಿದ್ದಾಗ ಒಕಾಡಾ ಇಬ್ಬರು ಫಾರ್ವರ್ಡ್‌ಗಳನ್ನೂ ಒಟ್ಟಿಗೇ ಹೊರಗೆ ಕರೆದ. ಕಜು ಎದೆಯ ಕಡೆ ಬೆರಳು ತೋರಿಸಿ “ನಾನಾ?” ಎಂಬಂತೆ ನೋಡಿದ ದೃಶ್ಯ ಜಪಾನಿನಲ್ಲಿ ತುಂಬಾ ಪ್ರಸಿದ್ಧ. ಒಳಗೆ ಬಂದ ಜೊ ಸರಿಗಟ್ಟಿದ, ಹೆಚ್ಚುವರಿ ಸಮಯದಲ್ಲಿ ಒಕಾನೊ ಗೆಲುವಿನ ಗೋಲು ಹೊಡೆದ. ಜಪಾನ್ ಕೊನೆಗೂ ವಿಶ್ವಕಪ್ಪಿಗೆ!

1998ರ ಜೂನ್ 2ರಂದು, ಸ್ವಿಟ್ಜರ್ಲೆಂಡಿನ ತರಬೇತಿ ಶಿಬಿರದಲ್ಲಿ, 25 ಜನರಲ್ಲಿ ಮೂವರನ್ನು ಕೈಬಿಟ್ಟು 22ರ ಪಟ್ಟಿ ಓದಿದ ಒಕಾಡಾ. ಕೈಬಿಟ್ಟವರಲ್ಲಿ ಕಜುವಿನ ಹೆಸರಿತ್ತು. ಕೂದಲಿಗೆ ಹೊಂಬಣ್ಣ ಬಳಿದುಕೊಂಡು ಜಪಾನಿಗೆ ಬಂದಿಳಿದ ಕಜು, ದೇಶದ ಆಟಗಾರನೆಂಬ ಹೆಮ್ಮೆಯನ್ನೂ ಆತ್ಮವನ್ನೂ ಅಲ್ಲೇ ಬಿಟ್ಟು ಬಂದಿದ್ದೇನೆ ಎಂಬರ್ಥದ ಮಾತಾಡಿದ. ಕೋಚ್ ವಿರುದ್ಧ ಕೂಗಾಡಲಿಲ್ಲ.

ಒಕಾಡಾ ಮಾಡಿದ್ದು ಸರಿಯೇ? ಜಪಾನಿನಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ನನಗನ್ನಿಸುವುದು, ಗೋಲು ಬತ್ತಿದ ಫಾರ್ವರ್ಡ್‌ನನ್ನು ಬಿಡುವುದು ಕೋಚ್ ಒಬ್ಬನ ಹಕ್ಕು, ಹಳೆಯ ಉಪಕಾರಕ್ಕೆ ಜಾಗ ಕೊಡಲಾಗುವುದಿಲ್ಲ. ಅದೇ 1967ರಲ್ಲಿ, ಅದೇ ಶಿಜುವೋಕಾದಲ್ಲಿ ಹುಟ್ಟಿದ ನಕಾಯಾಮಾ ತಂಡದಲ್ಲಿದ್ದ, ಜಮೈಕಾ ವಿರುದ್ಧ ಜಪಾನಿನ ಮೊದಲ ವಿಶ್ವಕಪ್ ಗೋಲನ್ನೂ ಹೊಡೆದ. ಹಾಗಾಗಿ ವಯಸ್ಸಾಯಿತು ಅಂತ ಬಿಟ್ಟರು ಅನ್ನೋದು ಪೂರ್ತಿ ಸರಿಯಲ್ಲ. ಆದರೆ ಜಪಾನ್ ಮೂರಕ್ಕೆ ಮೂರೂ ಪಂದ್ಯ ಸೋತಿತಲ್ಲ, ಒಂದು ಹತ್ತು ನಿಮಿಷವಾದರೂ ಅವನನ್ನು ಇಳಿಸಿದ್ದರೆ ಏನು ಹಾಳಾಗುತ್ತಿತ್ತು ಅಂತ ನನ್ನ ಮನಸ್ಸೂ ಕೇಳುತ್ತದೆ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕ್ರೊಯೇಷಿಯಾ, ಕ್ಯೋಟೋ, ಕೋಬೆ, 2005ರಲ್ಲಿ ಯೊಕೊಹಾಮಾ ಎಫ್.ಸಿ. ಅಂತ ಆಡುತ್ತಲೇ ಹೋದ. 2012ರಲ್ಲಿ 45ನೇ ವಯಸ್ಸಿನಲ್ಲಿ ಥಾಯ್ಲೆಂಡಿನಲ್ಲಿ ನಡೆದ ಫುಟ್ಸಾಲ್ ವಿಶ್ವಕಪ್ಪಿನಲ್ಲಿ ಜಪಾನ್ ಅಂಗಿ ತೊಟ್ಟು ಇಳಿದ. 2017ರ ಮಾರ್ಚಿನಲ್ಲಿ, 50 ತುಂಬಿದ ಮೇಲೆ, ಜಪಾನಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಗೋಲು ಹೊಡೆದ. 2023ರಲ್ಲಿ ಪೋರ್ಚುಗಲ್‌ನ ಒಲಿವೆಯಿರೆನ್ಸ್ ಕ್ಲಬ್ಬಿಗೆ ಆಡಿದ. 2025ರಲ್ಲಿ 58ನೇ ವಯಸ್ಸಿನಲ್ಲಿ ನಾಲ್ಕನೇ ದರ್ಜೆಯ ಸುಜುಕಾ ತಂಡದಲ್ಲಿದ್ದ. ಆಡುತ್ತಿದ್ದುದು ಕೆಲವೇ ನಿಮಿಷ, ಅದೂ ಬರೀ ಪ್ರಚಾರಕ್ಕೆ ಅನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು, ಅವನಿದ್ದರೆ ಜನ ಬರುತ್ತಾರೆ.

ಆದರೆ ಒಂದು ಮಾತು. 1998ರಿಂದ ಈಚೆಗೆ ಜಪಾನ್ ಒಂದೇ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಂಡಿಲ್ಲ. ಅಲ್ಲಿನ ಹುಡುಗನೊಬ್ಬ ಇವತ್ತು ಅಪ್ಪನ ಹತ್ತಿರ ಫುಟ್ಬಾಲನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಅಂದರೆ ಅದು ಹುಚ್ಚು ಅನ್ನಿಸುವುದಿಲ್ಲ. 1982ರಲ್ಲಿ ಅದು ಹುಚ್ಚಾಗಿತ್ತು. ಆ ಹುಚ್ಚನ್ನು ಒಂದು ಕೆಲಸವನ್ನಾಗಿ ಮಾಡಿದವರಲ್ಲಿ ಕಜು ಮೊದಲ ಸಾಲಿನವನು. ಎಲ್ಲರಿಗೂ ವಿಶ್ವಕಪ್ಪಿನ ಬಾಗಿಲು ತೆರೆಸಿ ಹೊರಗೇ ಉಳಿದ ಅನ್ನೋ ಬೇಸರ ನನಗೂ ಇದೆ. ಅವನಿಗೆ ಮಾತ್ರ ಅದನ್ನು ಯೋಚಿಸುತ್ತ ಕೂರಲು ಪುರುಸೊತ್ತು ಸಿಕ್ಕಂತೆ ಕಾಣುವುದಿಲ್ಲ. ಮರುದಿನ ಅಭ್ಯಾಸವಿರುತ್ತಿತ್ತಲ್ಲ!