ಹೋಟೆಲ್ ವಿಮರ್ಶೆ ಬರೆಯುವವರ ಭಾಷೆ: 2012ರ ಎರಡು ಬರಹಗಳ ಕಥೆ

2012ರ ಮಾರ್ಚ್‌ನಲ್ಲಿ ಅಮೆರಿಕದ ಒಂದು ಸಣ್ಣ ಊರಿನ ಪತ್ರಿಕೆಯಲ್ಲಿ ಹೋಟೆಲ್ ವಿಮರ್ಶೆಯೊಂದು ಬಂತು. ಊರು ಗ್ರ್ಯಾಂಡ್ ಫೋರ್ಕ್ಸ್, ಕೆನಡಾ ಗಡಿಯಲ್ಲಿರುವ ನಾರ್ತ್ ಡಕೋಟಾ ರಾಜ್ಯದ್ದು. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಪತ್ರಿಕೆ ಗ್ರ್ಯಾಂಡ್ ಫೋರ್ಕ್ಸ್ ಹೆರಾಲ್ಡ್. ಬರೆದವರು ಮರಿಲಿನ್ ಹ್ಯಾಗರ್ಟಿ. ಆಗ ಅವರ ವಯಸ್ಸು 85.

ಊರಿಗೆ ಹೊಸದಾಗಿ ಆಲಿವ್ ಗಾರ್ಡನ್ ಹೋಟೆಲ್ ಬಂದಿತ್ತು. ಇದು ದೇಶದ ತುಂಬಾ ನೂರಾರು ಶಾಖೆ ಇರುವ, ಇಟಲಿ ಊಟ ಬಡಿಸುವ ಕಂಪನಿ ಹೋಟೆಲ್. ಅಜ್ಜಿ ಹೋದರು, ಕೂತರು. ಏನು ಚೆನ್ನಾಗಿದೆ ಅಂತ ಸಪ್ಲೈಯರ್ ಹುಡುಗಿಯನ್ನೇ ಕೇಳಿದರು. ಅವಳು ಹೇಳಿದ ಚಿಕನ್ ಆಲ್ಫ್ರೆಡೋ ತರಿಸಿಕೊಂಡರು, ಬೆಲೆ 10.95 ಡಾಲರ್. ಅವಳು ಶರಬತ್ತನ್ನೂ ಸೂಚಿಸಿದಳು, ಇವರು ನೀರು ಸಾಕು ಅಂದರು. ಕಟ್ಟಡ ಹೇಗಿದೆ, ಕುರ್ಚಿ ಮೇಜು ಹೇಗಿವೆ, ಬ್ರೆಡ್ ಜೊತೆ ಏನು ಬಂತು, ಚಳಿಯ ದಿನ ಬಿಸಿ ಊಟ ಹಿತವಾಗಿತ್ತು. ಇಷ್ಟನ್ನು ಸೀದಾ ಬರೆದು ಡೆಸ್ಕಿಗೆ ಕೊಟ್ಟರು.

ಇಂಟರ್‌ನೆಟ್‌ನಲ್ಲಿ ಅದು ಲಕ್ಷಾಂತರ ಜನರಿಗೆ ತಲುಪಿತು. ದೊಡ್ಡ ಊರುಗಳ ಜನ ಬಿದ್ದು ಬಿದ್ದು ನಕ್ಕರು. ಕಂಪನಿ ಹೋಟೆಲ್ಲಿಗೂ ವಿಮರ್ಶೆಯೇ, ಇದೂ ಒಂದು ಶೈಲಿಯೇ ಅಂತ. ಟಿವಿಯವರು ಫೋನ್ ಮಾಡಿದರೆ ಹ್ಯಾಗರ್ಟಿಯವರಿಗೆ ಪುರುಸೊತ್ತಿಲ್ಲ, ಇಸ್ಪೀಟಿನ ಬ್ರಿಜ್ ಆಟಕ್ಕೆ ಹೋಗಬೇಕಿತ್ತು!

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ವಿಮರ್ಶೆ ಇಷ್ಟೇ ಸದ್ದು ಮಾಡಿತು. ನ್ಯೂಯಾರ್ಕ್ ಟೈಮ್ಸ್‌ನ ಪೀಟ್ ವೆಲ್ಸ್, ಟೈಮ್ಸ್ ಸ್ಕ್ವೇರ್‌ನಲ್ಲಿ ಟಿವಿ ಅಡುಗೆ ತಾರೆ ಗೈ ಫಿಯೆರಿ ತೆರೆದಿದ್ದ ಭಾರಿ ಹೋಟೆಲ್ಲಿನ ಬಗ್ಗೆ ಬರೆದರು. ಹೆಚ್ಚುಕಡಿಮೆ ಪೂರ್ತಿ ಬರಹವೇ ಪ್ರಶ್ನೆಗಳು. ನೀವೇ ನಿಮ್ಮ ಹೋಟೆಲ್ಲಿನಲ್ಲಿ ಉಂಡಿದ್ದೀರಾ, ಇದಕ್ಕೆ ಇಂಥ ರುಚಿ ಯಾಕೆ, ಅದು ಮೇಜಿಗೆ ಬರಲೇ ಇಲ್ಲ ಯಾಕೆ ಅನ್ನುವ ಧಾಟಿ. ಕೋರ್ಟಿನಲ್ಲಿ ಪಾಟಿ ಸವಾಲು ಮಾಡಿದ ಹಾಗೆ. ಒಂದು ನಕ್ಷತ್ರವೂ ಸಿಗಲಿಲ್ಲ. ಆಗಲೂ ಜನ ನಕ್ಕರು. ಆದರೆ ಈ ಸಲ ಬರೆದವರನ್ನು ನೋಡಿ ಅಲ್ಲ, ಬರೆಸಿಕೊಂಡವರನ್ನು ನೋಡಿ.

ಈ ಎರಡರಲ್ಲಿ ಒಳ್ಳೆಯ ಶೈಲಿ ಯಾವುದು? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಂಡು ಬಂದು ಬರೆಯುವ ಕೆಲಸವನ್ನು ಪ್ಯಾರಿಸ್‌ನಲ್ಲಿ ಗ್ರಿಮೋ ದ ಲಾ ರೆನಿಯೆರ್ ಎಂಬ ಶ್ರೀಮಂತ 1803ರಲ್ಲೇ ಶುರು ಮಾಡಿದ್ದ. ಅಂಗಡಿಯವರು ಅವನ ಮನೆಗೆ ತಿನಿಸು ಕಳಿಸುತ್ತಿದ್ದರು, ಅವನು ರುಚಿ ನೋಡಿ ತೀರ್ಪು ಬರೆಯುತ್ತಿದ್ದ. ಪುಕ್ಕಟೆ ತಿಂದು ಬರೆದದ್ದನ್ನು ನಂಬುವುದು ಹೇಗೆ ಅನ್ನುವ ಅನುಮಾನವೂ ಅವನ ಕಾಲಕ್ಕೇ ಹುಟ್ಟಿಕೊಂಡಿತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತೇವಲ್ಲ, ಈ ಕಸುಬಿನ ಕಷ್ಟ ಇರುವುದೇ ಅಲ್ಲಿ.

ಆ ಕಷ್ಟಕ್ಕೆ ಪತ್ರಿಕೆಯ ಮಟ್ಟದಲ್ಲಿ ಒಂದು ದಾರಿ ಮಾಡಿದವರು ಕ್ರೇಗ್ ಕ್ಲೇಬೋರ್ನ್. ಅಮೆರಿಕದ ಮಿಸಿಸಿಪ್ಪಿಯವರು, ಸ್ವಿಟ್ಜರ್‌ಲೆಂಡ್‌ನಲ್ಲಿ ಹೋಟೆಲ್ ಕೆಲಸ ಕಲಿತವರು. 1957ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಆಹಾರ ವಿಭಾಗದ ಸಂಪಾದಕರಾದರು. ಅಲ್ಲಿಯವರೆಗೆ ಅಮೆರಿಕದ ಪತ್ರಿಕೆಗಳಲ್ಲಿ ಊಟದ ಪುಟ ಅಂದರೆ ಮಹಿಳೆಯರ ಪುಟ, ಅಡುಗೆ ವಿಧಾನ, ಆಮೇಲೆ ಜಾಹೀರಾತು ಕೊಟ್ಟ ಹೋಟೆಲ್ಲಿನ ಹೊಗಳಿಕೆ. ಕ್ಲೇಬೋರ್ನ್ ಅದನ್ನು ವರದಿಗಾರಿಕೆ ಮಾಡಿದರು. ಹೆಸರು ಹೇಳದೆ ಹೋಗಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು, ಬಿಲ್ ಪತ್ರಿಕೆಯೇ ಕಟ್ಟಬೇಕು. 1963ರಲ್ಲಿ ನಕ್ಷತ್ರ ಕೊಡುವ ಪದ್ಧತಿಯನ್ನೂ ತಂದರು. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1926ರಿಂದಲೇ ತನ್ನ ಪುಸ್ತಕದಲ್ಲಿ ನಕ್ಷತ್ರ ಕೊಡುತ್ತಿತ್ತು. ಆದರೆ ಆ ಪುಸ್ತಕ ಯಾಕೆ ಕೊಟ್ಟೆ ಅಂತ ವಿವರಿಸುತ್ತಿರಲಿಲ್ಲ. ಪತ್ರಿಕೆಯವರು ಕಾರಣ ಬರೆಯಲೇಬೇಕಿತ್ತು. ಈಗ ನಿಮ್ಮ ಫೋನಿನಲ್ಲಿ ಹೋಟೆಲ್ ಹೆಸರಿನ ಪಕ್ಕ ನಕ್ಷತ್ರ ಕಾಣುತ್ತದಲ್ಲ, ಅದರಲ್ಲೂ ಬಹಳ ಸಲ ಕಾರಣ ಇರುವುದಿಲ್ಲ.

ನಿಯಮ ಮಾಡಿದವರೂ ಎಡವಿದರು. 1975ರಲ್ಲಿ ಒಂದು ಟಿವಿ ವಾಹಿನಿ ನಿಧಿ ಸಂಗ್ರಹಕ್ಕೆ ಹರಾಜು ಇಟ್ಟಿತ್ತು. ಕ್ಲೇಬೋರ್ನ್ 300 ಡಾಲರ್‌ಗೆ ಕೂಗಿ ಒಂದು ಊಟ ಗೆದ್ದರು. ಜಗತ್ತಿನ ಯಾವ ಹೋಟೆಲ್ಲಾದರೂ ಸರಿ, ಇಬ್ಬರಿಗೆ ಊಟ, ಖರ್ಚು ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯದು. ಅವರು ಸ್ನೇಹಿತ ಬಾಣಸಿಗ ಪಿಯೆರ್ ಫ್ರೇನಿ ಜೊತೆ ಪ್ಯಾರಿಸ್‌ನ ಶೆ ದೆನಿ ಎಂಬಲ್ಲಿ 31 ಬಗೆಯ ಊಟ ಮಾಡಿದರು. ಬಿಲ್ 4,000 ಡಾಲರ್. ಅದು ಮುಖಪುಟದಲ್ಲಿ ಬಂತು. ಯಾವ ತಿನಿಸು ಸಪ್ಪೆಯಿತ್ತು, ಯಾವುದು ಅಷ್ಟಕ್ಕಷ್ಟೆ ಅಂತ ಮಾಮೂಲಿನ ಹಾಗೇ ಕೊಂಕು ತೆಗೆದಿದ್ದರು. ಆಗ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿನಲ್ಲಿತ್ತು. ಓದುಗರ ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ವ್ಯಾಟಿಕನ್ ಪತ್ರಿಕೆಯೂ ಛೀಮಾರಿ ಹಾಕಿತು. ಅವರ ಭಾಷೆ ಹಿಂದಿನ ವಾರದ್ದೇ ಆಗಿತ್ತು. ಓದುವವನ ತಟ್ಟೆ ನೆನಪಿಲ್ಲದೆ ಬರೆದದ್ದರಿಂದ ಅದೇ ಭಾಷೆ ಅಸಹ್ಯವಾಗಿ ಕೇಳಿಸಿತು.

ಅದೇ ಪತ್ರಿಕೆಯ ಮುಂದಿನ ತಲೆಮಾರಿನ ರೂತ್ ರೈಶೆಲ್ 1993ರಲ್ಲಿ ಮಾಡಿದ್ದು ನನಗೆ ಇಡೀ ಚರಿತ್ರೆಯಲ್ಲೇ ಮೆಚ್ಚಿನ ಕೆಲಸ. ಲೆ ಸರ್ಕ್ ಅಂದರೆ ಆಗ ನ್ಯೂಯಾರ್ಕಿನ ದೊಡ್ಡವರ ಹೋಟೆಲ್. ರೈಶೆಲ್ ವಿಗ್ ಹಾಕಿಕೊಂಡು, ಹಳ್ಳಿಗಾಡಿನಿಂದ ಬಂದ ನಿವೃತ್ತ ಮೇಡಂ ತರಹ ಹೋದರು. ಕಾಯಿಸಿದರು, ಮೂಲೆಯಲ್ಲಿ ಕೂರಿಸಿದರು, ಕೈಗೆ ಕೊಟ್ಟ ಪಟ್ಟಿಯನ್ನೂ ವಾಪಸ್ ಕಿತ್ತುಕೊಂಡರು. ಇನ್ನೊಂದು ಸಲ ಇವರು ಯಾರೆಂದು ಹೋಟೆಲ್ಲಿನವರಿಗೆ ಗೊತ್ತಾಗಿತ್ತು. ಆಗ ಸ್ಪೇನ್ ದೇಶದ ರಾಜ ಕಾಯುತ್ತಿದ್ದಾರೆ, ಆದರೂ ನಿಮ್ಮ ಮೇಜು ತಯಾರಿದೆ ಅಂದರು ಮಾಲೀಕರು. ತಟ್ಟೆಗೆ ಬಂದ ಹಣ್ಣುಗಳೂ ದಪ್ಪವಾಗಿದ್ದವು! ರೈಶೆಲ್ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಎರಡೂ ಭೇಟಿಗಳನ್ನು ಒಂದೇ ವಿಮರ್ಶೆಯಲ್ಲಿ ಅಕ್ಕಪಕ್ಕ ಇಟ್ಟರು. ನಾಲ್ಕು ನಕ್ಷತ್ರ ಮೂರಾಯಿತು. ಪರಊರಿನ ದೊಡ್ಡ ಹೋಟೆಲ್ಲಿನ ಬಾಗಿಲಲ್ಲಿ ಚಪ್ಪಲಿ ನೋಡಿ ಅಳೆಸಿಕೊಂಡವರಿಗೆ ಈ ಬರಹ ಬೇರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಲಾಸ್ ಏಂಜಲೀಸ್‌ನ ಜೊನಾಥನ್ ಗೋಲ್ಡ್ ಇನ್ನೊಂದು ದಿಕ್ಕಿಗೆ ಹೋದರು. ವಲಸೆ ಬಂದ ಮೆಕ್ಸಿಕೋದವರ ತಳ್ಳುಗಾಡಿ, ಕೊರಿಯಾದವರ, ಥಾಯ್ ಜನರ ಸಣ್ಣ ಹೋಟೆಲ್ಲುಗಳು ಅವರ ವಿಷಯ. ‘ನಾನು ತಿಂದೆ’ ಅನ್ನುವ ಬದಲು ‘ನೀವು ಹೋಗುತ್ತೀರಿ, ನೀವು ಕೂರುತ್ತೀರಿ’ ಅಂತ ಬರೆಯುವ ಧಾಟಿ. 2007ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಊಟದ ವಿಮರ್ಶಕರೊಬ್ಬರಿಗೆ ಅದೇ ಮೊದಲು.

ಈಗ 2012ಕ್ಕೆ ಬರೋಣ. ವೆಲ್ಸ್ ಬರಹ ಖಾರವಾಗಿದೆ, ಆದರೆ ಬರೀ ಖಾರ ಅಲ್ಲ. ಪ್ರಶ್ನೆ ಒಂದೊಂದರ ಒಳಗೂ ಒಂದೊಂದು ತಿನಿಸು, ಒಂದೊಂದು ತಪ್ಪು ಇದೆ. ಹೆಸರುವಾಸಿಯಾದ, ದುಡ್ಡಿರುವ ಮನುಷ್ಯ ಪ್ರವಾಸಿಗರಿಂದ ದುಡ್ಡು ತೆಗೆದುಕೊಂಡು ಕೆಟ್ಟ ಊಟ ಹಾಕಿದರೆ ಹಾಗೆ ಕೇಳುವುದು ನ್ಯಾಯವೇ. ಆದರೆ ಅವರ ಖಾರವನ್ನು ಮಾತ್ರ ಕಲಿತು ಬೀದಿ ಬದಿಯ ದೋಸೆ ಗಾಡಿಯ ಮೇಲೆ ಎರಚುವವರನ್ನು ದಿನವೂ ವಿಡಿಯೋಗಳಲ್ಲಿ ನೋಡುತ್ತೇವೆ. ಅದಕ್ಕೆ ವೆಲ್ಸ್ ಹೊಣೆಯಲ್ಲ.

ಹ್ಯಾಗರ್ಟಿಯವರ ವಿಷಯ ಬೇರೆ. ಅವರು ಬರೆಯುತ್ತಿದ್ದದ್ದು ತಮ್ಮದೇ ಊರಿನ ಹೋಟೆಲ್ಲುಗಳ ಬಗ್ಗೆ. ಬೆಳಿಗ್ಗೆ ಬರೆದರೆ ಸಂಜೆ ಮಾಲೀಕ ಎದುರು ಸಿಗುತ್ತಾನೆ. ಅವರ ಪತಿ ಜ್ಯಾಕ್ ಅದೇ ಹೆರಾಲ್ಡ್‌ನ ಸಂಪಾದಕರಾಗಿದ್ದವರು. 1997ರಲ್ಲಿ ರೆಡ್ ನದಿ ಉಕ್ಕಿ ಊರಿಗೆ ಊರೇ ಖಾಲಿಯಾದಾಗ ಪತ್ರಿಕೆಯ ಕಟ್ಟಡವೂ ಬೆಂಕಿಗೆ ಸುಟ್ಟುಹೋಯಿತು, ಆದರೂ ಪತ್ರಿಕೆ ನಿಲ್ಲಲಿಲ್ಲ. ಅಂಥ ಊರಿನಲ್ಲಿ ಒಂದು ಹೋಟೆಲ್ ತೆರೆದಿದೆ, ಜನ ಕೂತು ಉಣ್ಣುತ್ತಿದ್ದಾರೆ ಅನ್ನುವುದೇ ಸುದ್ದಿ. ಸ್ಟ್ರಿಂಗರ್ ಕೆಲಸ ಮಾಡುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅವರು ಏನು ಕೊಟ್ಟರೂ ಹೊಗಳುತ್ತಿದ್ದರು ಅಂದುಕೊಳ್ಳಬೇಡಿ. ಅವರ ಮಗ ಜೇಮ್ಸ್, ಅವರೂ ಪತ್ರಕರ್ತರೇ, ಗುಟ್ಟು ಬಿಟ್ಟುಕೊಟ್ಟರು: ಅಮ್ಮ ಊಟಕ್ಕಿಂತ ಅಲಂಕಾರದ ಬಗ್ಗೆ ಜಾಸ್ತಿ ಬರೆದಿದ್ದರೆ ಬೇರೆ ಕಡೆ ಊಟಕ್ಕೆ ಹೋಗುವುದು ಒಳ್ಳೆಯದು. ಊರಿನವರಿಗೆ ಇದು ಗೊತ್ತಿತ್ತು, ನ್ಯೂಯಾರ್ಕಿನಲ್ಲಿ ಕೂತು ನಕ್ಕವರಿಗೆ ಗೊತ್ತಿರಲಿಲ್ಲ. ಈ ಶೈಲಿಯ ಬಗ್ಗೆ ನನ್ನ ಒಂದೇ ತಕರಾರು ಅಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದರೆ ಊರಿಗೆ ಹೊಸಬನಾದ ಕೂಲಿಯವನಿಗೆ ಬೆಳಕು ಸಿಗುವುದಿಲ್ಲ. ಅವನ ಕೈಯಲ್ಲಿ ಒಂದೇ ಊಟದ ದುಡ್ಡಿರುತ್ತದೆ. ಪರದೆಯ ಬಣ್ಣ ಓದಿ ಸಾರು ಸರಿಯಿಲ್ಲ ಅಂತ ಅವನು ಹೇಗೆ ತಿಳಿಯಬೇಕು? ಆದರೂ ಏನು ತಿಂದೆ, ಎಷ್ಟು ಕೊಟ್ಟೆ ಅನ್ನುವುದನ್ನು ಮರೆಮಾಚದೆ ಬರೆದಿದ್ದಾರೆ. ಗತ್ತಿನ ವಿಮರ್ಶೆಗಳಲ್ಲಿ ನಾನು ಹುಡುಕಿ ಸೋಲುವುದು ಇದನ್ನೇ.

ನಕ್ಕವರಲ್ಲಿ ಒಬ್ಬರು ಬೇಗ ಮನಸ್ಸು ಬದಲಿಸಿದರು. ಬಾಣಸಿಗ, ಲೇಖಕ ಆಂಟನಿ ಬೋರ್ಡೇನ್. ಕೊಂಕು ಮಾತಿಗೆ ಹೆಸರಾದ ಮನುಷ್ಯ. ಗೇಲಿ ಮಾಡಿದವರಲ್ಲಿ ತಾನೂ ಇದ್ದೆ, ಅಜ್ಜಿ ಗೆದ್ದರು ಅಂತ ಬಹಿರಂಗವಾಗಿ ಹೇಳಿದರು. 2013ರಲ್ಲಿ ಹ್ಯಾಗರ್ಟಿಯವರ 128 ವಿಮರ್ಶೆಗಳನ್ನು ತಮ್ಮ ಮಾಲಿಕೆಯಲ್ಲೇ ಪುಸ್ತಕ ಮಾಡಿ ತಾವೇ ಮುನ್ನುಡಿ ಬರೆದರು. ಅದರ ಉಪಶೀರ್ಷಿಕೆಯಲ್ಲಿ ಆ ಬರಹಗಳನ್ನು ಅಮೆರಿಕದ ಊಟದ ಇತಿಹಾಸ ಅಂತಲೇ ಕರೆಯಲಾಗಿದೆ. ಟೈಮ್ಸ್ ಸ್ಕ್ವೇರ್‌ನ ಗೈ ಫಿಯೆರಿ ಹೋಟೆಲ್ 2017ರ ಕೊನೆಗೆ ಬಾಗಿಲು ಹಾಕಿತು. ಹ್ಯಾಗರ್ಟಿ ತೊಂಬತ್ತು ದಾಟಿದ ಮೇಲೂ ಹೆರಾಲ್ಡ್‌ಗೆ ಬರೆಯುತ್ತಲೇ ಇದ್ದರು.