ರೈಸ್: ಅಕ್ಕಿಗೆ ಸಂಬಂಧವಿಲ್ಲದ ಒಂದು ಅಡ್ಡಹೆಸರು

ಹುಬ್ಬಳ್ಳಿ–ಧಾರವಾಡದ ಕಡೆಯವರಿಗೆ ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು ಹೊಸವಲ್ಲ. ಅಂಥ ಕಿವಿಗೆ ಶಾಸನತಜ್ಞ ಬಿ.ಎಲ್. ರೈಸ್ ಅವರ ಹೆಸರು ಬಿದ್ದರೆ, ಅವರ ಹಿರಿಯರಲ್ಲಿ ಯಾರೋ ಅಕ್ಕಿ ವ್ಯಾಪಾರ ಮಾಡಿದವರಿರಬೇಕು ಎನಿಸುವುದು ಸಹಜ. ಆದರೆ ಈ ಹೆಸರು ಬೇರು ಬಿಟ್ಟ ಕಾಲದಲ್ಲಿ ಬ್ರಿಟನ್ನಿನವರಿಗೆ ಅಕ್ಕಿ ದೂರದೇಶದಿಂದ ಬರುವ ದುಬಾರಿ ಸರಕಾಗಿತ್ತು. ಅದನ್ನು ಬೆಳೆಯುವವರಂತೂ ಅಲ್ಲಿ ಇರಲೇ ಇಲ್ಲ. ಕಾಳಿಗೂ ಈ ಮನೆತನದ ಹೆಸರಿಗೂ ಕಾಗುಣಿತ ಒಂದೇ ಆದದ್ದು ಆಕಸ್ಮಿಕ.

ಈ ಹೆಸರಿನಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಇಂದು ರೈಸ್ ಎಂದು ಬರೆದುಕೊಳ್ಳುವವರೆಲ್ಲ ಒಂದೇ ಮೂಲದವರಲ್ಲ. ವೇಲ್ಸ್‌ನ ಅರಸುಮಕ್ಕಳು, ಐರ್ಲೆಂಡಿನ ಗೇಲಿಕ್ ಕುಲದವರು, ಜರ್ಮನಿಯಿಂದ ವಲಸೆ ಹೋದವರು, ಕೆನಡಾದ ಮೊಹಾಕ್ ಜನ, ಅಮೆರಿಕದ ಕಪ್ಪು ಜನರು, ಬಣ್ಣ ಹಚ್ಚುವಾಗ ಹೆಸರನ್ನೂ ಬದಲಿಸಿಕೊಂಡ ಕಲಾವಿದರು, ಎಲ್ಲರೂ ಈ ಒಂದು ಕಾಗುಣಿತದಡಿ ಬಂದು ಸೇರಿದ್ದಾರೆ.

ವೇಲ್ಸ್‌ನ ರೀಸ್

ಹೆಚ್ಚಿನ ರೈಸರ ಹೆಸರಿಗೆ ಮೂಲ ವೇಲ್ಸ್‌ನ ಗಂಡಸರ ಹೆಸರಾದ ರೀಸ್. ವೆಲ್ಷ್ ಭಾಷೆಯಲ್ಲಿ ಇದನ್ನು ಆರ್, ಎಚ್, ವೈ, ಎಸ್ ಅಕ್ಷರಗಳಿಂದ ಬರೆಯುತ್ತಾರೆ. ಹುರುಪು, ಆವೇಶ ಎಂದು ಅರ್ಥ. ದಕ್ಷಿಣ ವೇಲ್ಸ್‌ನ ರಾಜಮನೆತನಕ್ಕೆ ಇದು ಅಚ್ಚುಮೆಚ್ಚಿನ ಹೆಸರು. 1093ರಲ್ಲಿ ನಾರ್ಮನ್ನರ ವಿರುದ್ಧ ಹೋರಾಡುತ್ತ ಮಡಿದ ರೀಸ್ ಅಪ್ ಟ್ಯೂಡರ್ ಅದೇ ವಂಶದವನು. ಅವನ ಮೊಮ್ಮಗ ರೀಸ್ ಅಪ್ ಗ್ರಿಫಿಡ್ 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ಸಂಗೀತಗಾರರನ್ನೂ ಕರೆಸಿ ಸ್ಪರ್ಧೆ ನಡೆಸಿದ. ಗೆದ್ದ ಕವಿಗೆ ಒಂದು ಪೀಠ, ಗೆದ್ದ ಸಂಗೀತಗಾರನಿಗೆ ಒಂದು ಪೀಠ. ವೇಲ್ಸ್‌ನವರು ಇಂದಿಗೂ ನಡೆಸಿಕೊಂಡು ಬಂದಿರುವ ಐಸ್ಟೆಡ್‌ವಡ್ ಎಂಬ ಸಾಹಿತ್ಯೋತ್ಸವದ ಮೊದಲ ದಾಖಲೆ ಇದೇ ಎನ್ನುತ್ತಾರೆ.

ವೇಲ್ಸ್‌ನಲ್ಲಿ ಆಗ ಅಡ್ಡಹೆಸರು ಎಂಬುದೇ ಇರಲಿಲ್ಲ. ‘ಅಪ್’ ಎಂದರೆ ಮಗ. ಇಂಥವನ ಮಗ ಇಂಥವನು, ಅವನ ಅಪ್ಪ ಇಂಥವನು ಎಂದು ನಾಲ್ಕೈದು ತಲೆ ಹಿಂದಕ್ಕೆ ಹೇಳುವುದು ರೂಢಿ. ನಮ್ಮ ಶಾಸನಗಳ ವಂಶಾವಳಿ ಓದಿದವರಿಗೆ ಈ ಧಾಟಿ ಪರಿಚಿತ. 1536ರಿಂದ ಜಾರಿಗೆ ಬಂದ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತದೊಳಕ್ಕೆ ತಂದವು. ಕಚೇರಿ, ಕೋರ್ಟುಗಳ ಭಾಷೆ ಇಂಗ್ಲಿಷ್ ಆಯಿತು. ಅಪ್ಪ ಬೇರೆ, ಮಗ ಬೇರೆ ಹೆಸರಿನಲ್ಲಿದ್ದರೆ ಆಸ್ತಿ ಯಾರದೆಂದು ಬರೆದುಕೊಳ್ಳುವುದು ಗುಮಾಸ್ತರಿಗೆ ತಲೆನೋವು. ಮೊದಲು ಮೇಲುವರ್ಗದವರು, ನಿಧಾನವಾಗಿ ಉಳಿದವರು ಅಪ್ಪನದೋ ಅಜ್ಜನದೋ ಹೆಸರನ್ನು ಶಾಶ್ವತ ಅಡ್ಡಹೆಸರಾಗಿ ಮಾಡಿಕೊಂಡರು. ಕೆಲವು ಹಳ್ಳಿಗಳಲ್ಲಿ ಈ ಬದಲಾವಣೆ ಮುಗಿಯಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು. ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಂಡ ಹಳೆ ಮೈಸೂರಿನವರು ವಿದೇಶಿ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾನೆಯ ಮುಂದೆ ಇಂದಿಗೂ ಪೆನ್ನು ಹಿಡಿದು ಕೂರುತ್ತಾರಲ್ಲ, ಅದೂ ಇದೇ ಜಾತಿಯ ತೊಡಕು.

‘ಅಪ್ ರೀಸ್’ ಎಂದು ಬೇಗಬೇಗ ಹೇಳಿದಾಗ ‘ಪ್ರೀಸ್’ ಆಗಿ, ಅದರಿಂದ ಪ್ರೈಸ್ ಎಂಬ ಅಡ್ಡಹೆಸರು ಹುಟ್ಟಿತು. ಅಪ್ ಹೋವೆಲ್ ಪೋವೆಲ್ ಆದದ್ದು, ಅಪ್ ರಿಚರ್ಡ್ ಪ್ರಿಚರ್ಡ್ ಆದದ್ದು, ಅಬ್ ಓವೆನ್ ಬೋವೆನ್ ಆದದ್ದು ಹೀಗೆಯೇ. ‘ಅಪ್’ ಕಳಚಿ ಬರೀ ರೀಸ್ ಉಳಿಸಿಕೊಂಡವರು ಇನ್ನೊಂದು ಕವಲು.

‘ರೀಸ್’ ಎಂಬ ಉಚ್ಚಾರ ‘ರೈಸ್’ ಆದದ್ದು ಹೇಗೆ? ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ‘ಐ’ ಅಕ್ಷರದ ದೀರ್ಘಸ್ವರವನ್ನು ‘ಈ’ ಎಂದೇ ಉಚ್ಚರಿಸುತ್ತಿದ್ದರು. ಇಂಗ್ಲಿಷ್ ಲಿಪಿಕಾರ ವೆಲ್ಷ್ ಹೆಸರನ್ನು ಕಿವಿಗೆ ಕೇಳಿದಂತೆ ಆರ್, ಐ, ಸಿ, ಇ ಎಂದು ಬರೆದುಕೊಂಡರೆ ಅದು ಸರಿಯಾಗಿಯೇ ಇತ್ತು. ಮುಂದಿನ ಎರಡು ಮೂರು ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದವು. ಆ ‘ಈ’ ಸ್ವರ ‘ಐ’ ಆಯಿತು. ಕಾಗುಣಿತ ಇದ್ದಲ್ಲೇ ಇತ್ತು, ನಾಲಿಗೆ ಬೇರೆ ಕಡೆ ಹೊರಟಿತು. ಎರಡು ‘ಇ’ ಹಾಕಿ ಬರೆದುಕೊಂಡವರು ಮಾತ್ರ ರೀಸ್ ಆಗಿಯೇ ಉಳಿದರು.

ಕೆಲವು ಇಂಗ್ಲಿಷ್ ರೈಸರಿಗೆ ವೇಲ್ಸ್‌ನ ನಂಟೇ ಇಲ್ಲದಿರಬಹುದು. ಪೊದೆ, ಕುರುಚಲು ಎಂಬ ಅರ್ಥದ ‘ಹ್ರೀಸ್’ ಎಂಬ ಹಳೆಯ ಇಂಗ್ಲಿಷ್ ಪದವಿತ್ತು. ಯಾರ್ಕ್‌ಶೈರಿನ ರೈಜ್ ಎಂಬ ಊರಿನ ಹೆಸರು ಅದರಿಂದಲೇ ಬಂದದ್ದು. ಕುರುಚಲು ಕಾಡಿನ ಅಂಚಿನಲ್ಲಿ ಮನೆ ಮಾಡಿದವರಿಗೂ ಆ ಹೆಸರು ಅಂಟಿರಬಹುದೆಂದು ಹೆಸರುಶಾಸ್ತ್ರದವರು ಹೇಳುತ್ತಾರೆ.

ಹೆಸರಿಗಾಗಿ ಹೋದ ತಲೆ

ರೈಸ್ ಎಂಬ ಕಾಗುಣಿತದ ಅತಿ ಪ್ರಸಿದ್ಧ ವೆಲ್ಷ್ ಮನೆತನ ಡಿನೆವರ್‌ನದು. ಇವರ ಏಳುಬೀಳು ಒಂದು ನಾಟಕಕ್ಕೆ ಸಾಕಾಗುವಷ್ಟಿದೆ. 1485ರ ಬಾಸ್ವರ್ತ್ ಕದನದಲ್ಲಿ ಮೂರನೆಯ ರಿಚರ್ಡನ ವಿರುದ್ಧ ಹೆನ್ರಿ ಟ್ಯೂಡರನ ಪರವಾಗಿ ದೊಡ್ಡ ವೆಲ್ಷ್ ಪಡೆಯನ್ನು ಕರೆದುಕೊಂಡು ಬಂದವನು ಸರ್ ರೀಸ್ ಅಪ್ ಥಾಮಸ್. ಗೆದ್ದ ಹೆನ್ರಿ ಏಳನೆಯ ಹೆನ್ರಿಯಾಗಿ ಪಟ್ಟಕ್ಕೇರಿದ. ರೀಸ್ ದಕ್ಷಿಣ ವೇಲ್ಸ್‌ನ ಅನಭಿಷಿಕ್ತ ದೊರೆಯಂತೆ 1525ರವರೆಗೆ ಬಾಳಿದ.

ಅವನ ಮೊಮ್ಮಗ ರೀಸ್ ಅಪ್ ಗ್ರಿಫಿಡ್‌ಗೆ ಅಜ್ಜನ ಅಧಿಕಾರ ದಕ್ಕಲಿಲ್ಲ. ಎಂಟನೆಯ ಹೆನ್ರಿ ಅದನ್ನು ಬೇರೆಯವರಿಗೆ ಕೊಟ್ಟ. ಜಗಳ ಬೆಳೆಯಿತು, ರಾಜದ್ರೋಹದ ಮೊಕದ್ದಮೆ ಬಿತ್ತು. ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ತನ್ನ ಹೆಸರಿಗೆ ‘ಫಿಟ್ಸ್ ಯೂರಿಯನ್’ ಎಂದು ಸೇರಿಸಿಕೊಂಡದ್ದು. ಯೂರಿಯನ್ ಆರನೆಯ ಶತಮಾನದ ಬ್ರಿಟನ್ ಅರಸ. ತಾವು ಅವನ ಸಂತತಿ ಎಂಬುದು ಈ ಮನೆತನದ ನಂಬಿಕೆ. ಹಳೆಯ ಅರಸನ ಹೆಸರು ಇಟ್ಟುಕೊಳ್ಳುವುದೆಂದರೆ ವೇಲ್ಸ್‌ನ ಸಿಂಹಾಸನಕ್ಕೆ ಕಣ್ಣು ಹಾಕಿದಂತೆ ಎಂದು ಅರಮನೆಯ ವಕೀಲರು ವಾದಿಸಿದರು. 1531ರ ಡಿಸೆಂಬರಿನಲ್ಲಿ ಅವನ ತಲೆ ಕಡಿದರು, ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡರು. ಆರೋಪ ನಿಜವಿದ್ದಿರಲಿ ಬಿಡಲಿ, ಆ ಭೂಮಿಯ ಮೇಲೆ ದೊರೆಗೆ ಆಸೆಯಿತ್ತು ಎಂಬ ಅನುಮಾನ ತಪ್ಪಿದ್ದಲ್ಲ.

ಅವನ ಮಗ ಗ್ರಿಫಿತ್ ಮುಂದೆ ಆಸ್ತಿಯಲ್ಲಿ ಒಂದಷ್ಟನ್ನು ಮರಳಿ ಪಡೆದ. ಆತ ಇಂಗ್ಲಿಷ್ ಧಾಟಿಯಲ್ಲಿ ಗ್ರಿಫಿತ್ ರೈಸ್. ‘ಅಪ್’ ಹೋಗಿತ್ತು, ಯೂರಿಯನ್ನನ ಸುದ್ದಿ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜಾರ್ಜ್ ರೈಸ್ ಎಂಬ ಪಾರ್ಲಿಮೆಂಟ್ ಸದಸ್ಯ ಟಾಲ್ಬಟ್ ಮನೆತನದ ಸಿಸಿಲ್‌ಳನ್ನು ಮದುವೆಯಾದ. ಆಕೆಯ ಮೂಲಕ ಬ್ಯಾರನ್ ಡಿನೆವರ್ ಎಂಬ ಪದವಿ ಮನೆಗೆ ಬಂತು. ಏಳನೆಯ ಬ್ಯಾರನ್ 1916ರಲ್ಲಿ ರೈಸ್ ಎಂಬುದನ್ನು ಬಿಟ್ಟು ಹಳೆಯ ವೆಲ್ಷ್ ಕಾಗುಣಿತದ ರೀಸ್‌ಗೆ ಮರಳಿದರು. ಅವರ ಪೂರ್ಣ ಹೆಸರಿನ ನಡುವೆ ಇದ್ದದ್ದು ಫಿಟ್ಸ್ ಯೂರಿಯನ್. ಈ ಬಾರಿ ಯಾರೂ ಮೊಕದ್ದಮೆ ಹೂಡಲಿಲ್ಲ.

ಐರ್ಲೆಂಡಿನ ರೈಸರು

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ನಾರ್ಮನ್ನರು ಐರ್ಲೆಂಡಿಗೆ ದಂಡೆತ್ತಿ ಹೋದಾಗ ಅವರ ಜೊತೆ ವೇಲ್ಸ್‌ನವರೂ ಬಹಳ ಮಂದಿ ಹೋದರು. ಲಿಮರಿಕ್, ಕೆರಿ ಪ್ರದೇಶದ ರೈಸ್ ಮನೆತನಗಳು ಹೀಗೆ ಬಂದವು. ಕೆರಿಯ ಡಿಂಗಲ್ ಬಂದರಿನಲ್ಲಿ ಇವರು ವ್ಯಾಪಾರದಿಂದ ಬೆಳೆದರು. ಫ್ರಾನ್ಸಿನ ರಾಣಿ ಮರೀ ಆಂಟ್ವನೆಟ್‌ಳನ್ನು ಸೆರೆಯಿಂದ ತಪ್ಪಿಸಿ ಡಿಂಗಲ್‌ನ ತನ್ನ ಮನೆಯಲ್ಲಿ ಬಚ್ಚಿಡಲು ಕೌಂಟ್ ರೈಸ್ ಎಂಬಾತ ಏರ್ಪಾಟು ಮಾಡಿದ್ದನೆಂಬ ಕತೆ ಆ ಊರಿನಲ್ಲಿದೆ. ಲಿಮರಿಕ್‌ನ ಥಾಮಸ್ ಸ್ಪ್ರಿಂಗ್ ರೈಸ್ 1835ರಿಂದ 1839ರವರೆಗೆ ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದರು. ಕಿಲ್ಕೆನಿ ಸೀಮೆಯಲ್ಲಿ ಹುಟ್ಟಿದ ಎಡ್ಮಂಡ್ ಇಗ್ನೇಷಿಯಸ್ ರೈಸ್ 1802ರಲ್ಲಿ ವಾಟರ್‌ಫರ್ಡ್‌ನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದರು. ಭಾರತದಲ್ಲೂ ಶಾಲೆಗಳನ್ನು ನಡೆಸುವ ಕ್ರಿಶ್ಚಿಯನ್ ಬ್ರದರ್ಸ್ ಸಂಸ್ಥೆ ಅಲ್ಲಿಂದ ಬೆಳೆದದ್ದು.

ಉತ್ತರದ ಅರ್ಮಾ, ಲೌತ್ ಕಡೆಯ ರೈಸರ ಕತೆ ಬೇರೆಯೇ. ಅವರಲ್ಲಿ ಅನೇಕರ ಹಿರಿಯರು ಓ ಮೇಲ್‌ಕ್ರೀವ ಎಂಬ ಗೇಲಿಕ್ ಕುಲದವರು. ಇಂಗ್ಲಿಷ್ ಆಡಳಿತ ಬಂದ ಮೇಲೆ ಹೆಸರನ್ನು ಇಂಗ್ಲಿಷಿಗೆ ಒಗ್ಗಿಸುವಾಗ ರೈಸ್ ಎಂದಾಯಿತು. ವೇಲ್ಸ್‌ಗೂ ಅವರಿಗೂ ರಕ್ತಸಂಬಂಧವಿಲ್ಲ.

ಸಾಗರ ದಾಟಿದ ಮೇಲೆ

ಅಮೆರಿಕದ ರೈಸರಲ್ಲಿ ಬಹಳ ಜನ ತಮ್ಮ ಮೂಲಪುರುಷನೆಂದು ತೋರಿಸುವುದು ಎಡ್ಮಂಡ್ ರೈಸ್ ಎಂಬವನನ್ನು. ಇಂಗ್ಲೆಂಡಿನ ಬರ್ಕಮ್‌ಸ್ಟೆಡ್‌ನಲ್ಲಿದ್ದ ಈತ 1638ರ ಹೊತ್ತಿಗೆ ಹೆಂಡತಿ ಮಕ್ಕಳೊಂದಿಗೆ ಮ್ಯಾಸಚೂಸೆಟ್ಸ್ ತಲುಪಿ, ಸಡ್‌ಬರಿ ಊರನ್ನು ಕಟ್ಟಿದವರಲ್ಲಿ ಒಬ್ಬನಾದ. 1663ರಲ್ಲಿ ತೀರಿಕೊಂಡ. ಅವನ ವಂಶಜರು ಸಂಘ ಕಟ್ಟಿಕೊಂಡಿದ್ದಾರೆ. ಕಾಗದಪತ್ರ ಸಾಲದಾದಾಗ ಡಿಎನ್‌ಎ ಪರೀಕ್ಷೆಯ ಮೊರೆಹೋಗಿದ್ದಾರೆ. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತು ಅಡ್ಡಹೆಸರಿನ ಜಾಡಿನಲ್ಲೇ ನಡೆಯುವುದರಿಂದ, ಒಂದೇ ಹೆಸರಿನ ಇಬ್ಬರು ಗಂಡಸರು ಒಂದೇ ಗಂಡು ಸಂತತಿಗೆ ಸೇರಿದವರೋ ಅಲ್ಲವೋ ಎಂದು ಅದು ಬಿಡಿಸಿ ಹೇಳಬಲ್ಲದು.

ಈ ವಂಶದ ಒಂದು ಕವಲು ಯಾರೂ ನಿರೀಕ್ಷಿಸದ ಕಡೆ ಚಿಗುರಿತು. 1704ರ ಆಗಸ್ಟಿನಲ್ಲಿ, ಇಂದಿನ ವೆಸ್ಟ್‌ಬರೋ ಊರಿನ ಹೊಲವೊಂದರಲ್ಲಿ ಕೆಲಸ ನಡೆಯುತ್ತಿದ್ದಾಗ ಮೊಹಾಕ್ ಯೋಧರು ಎರಗಿದರು. ಅದು ಫ್ರೆಂಚರಿಗೂ ಇಂಗ್ಲಿಷರಿಗೂ ಯುದ್ಧ ನಡೆಯುತ್ತಿದ್ದ ಕಾಲ. ಮೊಹಾಕರು ಫ್ರೆಂಚರ ಕಡೆ. ಒಂದು ಮಗು ಸತ್ತಿತು, ರೈಸ್ ಮನೆತನದ ನಾಲ್ವರು ಹುಡುಗರನ್ನು ಮಾಂಟ್ರಿಯಲ್ ಹತ್ತಿರದ ಕಾನವಾಕಿ ಎಂಬ ಮೊಹಾಕ್ ಊರಿಗೆ ಒಯ್ದರು. ಒಬ್ಬನನ್ನು ಹಣ ಕೊಟ್ಟು ಬಿಡಿಸಿಕೊಂಡರು, ಇನ್ನೊಬ್ಬ ಎಷ್ಟೋ ವರ್ಷಗಳ ಮೇಲೆ ಮರಳಿದ. ಸೈಲಸ್ ಮತ್ತು ಟಿಮತಿ ಎಂಬ ಅಣ್ಣತಮ್ಮಂದಿರು ಅಲ್ಲೇ ಉಳಿದರು. ಮೊಹಾಕ್ ಮನೆಗಳು ಅವರನ್ನು ದತ್ತು ತೆಗೆದುಕೊಂಡವು. ಟಿಮತಿ ಬೆಳೆದು ಆ ಜನರ ಮುಖಂಡನೇ ಆದ. 1740ರಲ್ಲಿ ಆತ ಹುಟ್ಟಿದೂರು ನೋಡಲು ಬಂದಾಗ ಇಂಗ್ಲಿಷ್ ಮರೆತುಹೋಗಿತ್ತು, ಮಾತಾಡಲು ದುಭಾಷಿ ಬೇಕಾಯಿತು. ನೋಡಿಕೊಂಡು ಕಾನವಾಕಿಗೇ ಹಿಂತಿರುಗಿದ. ಕಾನವಾಕಿಯ ಮೊಹಾಕ್ ಜನರಲ್ಲಿ ರೈಸ್ ಎಂಬ ಅಡ್ಡಹೆಸರು ಇಂದಿಗೂ ಇದೆ.

ಇನ್ನು ಹೆಸರು ಬದಲಿಸಿಕೊಂಡವರು. ಜರ್ಮನಿಯಿಂದ ಬಂದ ರೈಸ್, ರೈಸ್ಸ್ ಎಂಬ ಮನೆತನಗಳಿಗೆ ಉಚ್ಚಾರ ಮೊದಲೇ ಹೊಂದಿಕೊಂಡಿತ್ತು. ಕಾಗುಣಿತವನ್ನಷ್ಟೇ ಇಂಗ್ಲಿಷಿನದು ಮಾಡಿಕೊಂಡರೆ ಮುಗಿಯಿತು. ನಾಟಕಕಾರ ಎಲ್ಮರ್ ರೈಸ್ ಹುಟ್ಟಿದ್ದು ನ್ಯೂಯಾರ್ಕಿನ ಯಹೂದಿ ಮನೆಯಲ್ಲಿ, ಎಲ್ಮರ್ ರೈಟ್ಸೆನ್‌ಸ್ಟೈನ್ ಆಗಿ. ಹತ್ತೊಂಬತ್ತನೆಯ ಶತಮಾನದ ಸರ್ಕಸ್ ವಿದೂಷಕ ಡ್ಯಾನ್ ರೈಸ್‌ನ ಹುಟ್ಟುಹೆಸರು ಮೆಕ್‌ಲಾರೆನ್. ರಕ್ತಪಿಶಾಚಿಗಳ ಕಾದಂಬರಿಗಳಿಂದ ಹೆಸರಾದ ಆನ್ ರೈಸ್ ಅವರ ತವರಿನ ಹೆಸರು ಓಬ್ರಯನ್.

ಕಪ್ಪು ಜನರಲ್ಲಿ ಈ ಹೆಸರು ಬಂದ ದಾರಿ ಅಮೆರಿಕದ ಗುಲಾಮಗಿರಿಯ ಇತಿಹಾಸದ್ದೇ. ಬಿಡುಗಡೆಯಾದ ಜನ ಹಳೆಯ ಒಡೆಯನದೋ ತಾವೇ ಆರಿಸಿಕೊಂಡದ್ದೋ ಒಂದು ಅಡ್ಡಹೆಸರನ್ನು ದಾಖಲೆಗೆ ಕೊಟ್ಟರು. ಇಲ್ಲೊಂದು ವಿಪರ್ಯಾಸವಿದೆ. 1830ರ ದಶಕದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಗುಲಾಮನಂತೆ ಕುಣಿದು ಹಾಡಿ ಬಿಳಿಯರನ್ನು ನಗಿಸಿದ ಬಿಳಿಯ ನಟ ಥಾಮಸ್ ಡಿ. ರೈಸ್. ಅವನ ಪಾತ್ರದ ಹೆಸರು ಜಿಮ್ ಕ್ರೋ. ದಕ್ಷಿಣದ ರಾಜ್ಯಗಳ ವರ್ಣಭೇದದ ಕಾಯಿದೆಗಳಿಗೆ ಮುಂದೆ ಅದೇ ಹೆಸರು ಅಂಟಿತು. ಆ ಕಾಯಿದೆಗಳು ಇನ್ನೂ ಜಾರಿಯಲ್ಲಿದ್ದ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ 1954ರಲ್ಲಿ ಕಾಂಡೊಲೀಸಾ ರೈಸ್ ಹುಟ್ಟಿದರು. 2005ರಲ್ಲಿ ಅವರು ಅಮೆರಿಕದ ವಿದೇಶಾಂಗ ಸಚಿವೆಯಾದರು.

ಬೆಂಗಳೂರಿನ ರೈಸ್ ಕುಟುಂಬ

ಲಂಡನ್ ಮಿಷನ್‌ನ ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದು ಕನ್ನಡ ಕಲಿತು, ಶಾಲೆ ನಡೆಸಿ, ಅರ್ಧ ಶತಮಾನ ಇಲ್ಲೇ ಕಳೆದು 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ಇರುವ ರೈಸ್ ಸ್ಮಾರಕ ಚರ್ಚ್ ಅವರ ಹೆಸರಿನದು. ಮಗ ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರು. ಶಿಕ್ಷಣ ಇಲಾಖೆಯ ಕೆಲಸದ ಮೇಲೆ ಊರೂರು ಸುತ್ತುವಾಗ ಕಂಡ ಕಲ್ಲುಬರಹಗಳ ಹಿಂದೆ ಬಿದ್ದು, ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಅದೇ ಬೆಂಜಮಿನ್ ರೈಸರ ಇನ್ನೊಬ್ಬ ಮಗ. ಅಣ್ಣತಮ್ಮಂದಿರಿಬ್ಬರ ಪುಸ್ತಕಗಳೂ ‘ರೈಸ್’ ಎಂದೇ ಉಲ್ಲೇಖವಾಗುವುದರಿಂದ ಅಡಿಟಿಪ್ಪಣಿಗಳಲ್ಲಿ ಇವರನ್ನು ಅದಲುಬದಲು ಮಾಡುವುದುಂಟು. ಇನಿಷಿಯಲ್ ನೋಡಿಕೊಳ್ಳುವುದು ಒಳ್ಳೆಯದು.

ಈಗ ಎಲ್ಲಿ, ಎಷ್ಟು

ವೇಲ್ಸ್‌ನೊಳಗೆ ರೀಸ್, ಪ್ರೈಸ್ ಹೆಸರಿನವರು ಧಾರಾಳವಾಗಿ ಸಿಗುತ್ತಾರೆ, ರೈಸ್ ಅಪರೂಪ. ಇಂಗ್ಲಿಷ್ ಕಾಗುಣಿತ ಹಿಡಿದ ಕವಲು ಇಂಗ್ಲೆಂಡ್, ಐರ್ಲೆಂಡ್, ಅಮೆರಿಕಗಳಲ್ಲೇ ಹೆಚ್ಚು ಹಬ್ಬಿತು. ಲಂಡನ್ನಿನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಡೆಕ್ಲನ್ ರೈಸ್‌ರ ಅಜ್ಜ–ಅಜ್ಜಿ ಐರಿಷ್ ಮೂಲದವರು. ಅವರು ಮೊದಲು ಐರ್ಲೆಂಡ್ ತಂಡದಲ್ಲಿ ಆಡಿ, ಆಮೇಲೆ ಇಂಗ್ಲೆಂಡಿಗೆ ಬದಲಾದರು.

ಅಮೆರಿಕದ 1990ರ ಜನಗಣತಿಯ ಹೆಸರುಪಟ್ಟಿಯಲ್ಲಿ ರೈಸ್ ಮೊದಲ ನೂರೈವತ್ತರೊಳಗಿತ್ತು. ಅದರ ಸೋದರ ಹೆಸರು ಪ್ರೈಸ್ ಮೊದಲ ನೂರರಲ್ಲೇ ಇತ್ತು. 2010ರ ಗಣತಿ ನೂರು ಅಥವಾ ಹೆಚ್ಚು ಜನರಿಗಿರುವ 1,62,253 ಅಡ್ಡಹೆಸರುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ರೈಸರು ಒಂದು ಲಕ್ಷಕ್ಕೂ ಮಿಕ್ಕಿದ್ದರು, ಆದರೆ ಸ್ಥಾನ ಕೆಳಗಿಳಿದಿತ್ತು. ರೈಸರು ಕಡಿಮೆಯಾದರೆಂದು ಇದರರ್ಥವಲ್ಲ. ಸ್ಪ್ಯಾನಿಷ್ ಮೂಲದ ಹೆಸರುಗಳು ಮೇಲೇರಿದವು: 1990ರಲ್ಲಿ ಹದಿನೆಂಟನೆಯದಾಗಿದ್ದ ಗಾರ್ಸಿಯಾ 2000ದಲ್ಲಿ ಎಂಟನೆಯದು, 2010ರಲ್ಲಿ ಆರನೆಯದು. ಬ್ರಿಟಿಷ್ ಮೂಲದ ನಡುಮಟ್ಟದ ಹೆಸರುಗಳೆಲ್ಲ ಇದೇ ಕಾರಣಕ್ಕೆ ಹಿಂದೆ ಸರಿಯುತ್ತಿವೆ.

ಮೂಲದ ವೆಲ್ಷ್ ಹೆಸರು ಮಾತ್ರ ವೇಲ್ಸ್‌ನಲ್ಲಿ ಇಂದಿಗೂ ಗಂಡುಮಕ್ಕಳಿಗೆ ಇಡುವ ಹೆಸರಾಗಿ ಚಾಲ್ತಿಯಲ್ಲಿದೆ. ಅದನ್ನೇ ಅಡ್ಡಹೆಸರಾಗಿ ಆರಿಸಿಕೊಂಡವರೂ ಇದ್ದಾರೆ. ಕಾರ್ಡಿಫ್‌ನ ನಟ ಮ್ಯಾಥ್ಯೂ ರೀಸ್ ಅವರ ಮನೆತನದ ಹೆಸರು ಎವನ್ಸ್. ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಕಾದಂಬರಿಕಾರ್ತಿ ಜೀನ್ ರೀಸ್ ಅವರದು ವಿಲಿಯಮ್ಸ್.