ಕಬ್ಬಿಣದಿಂದ ಹುಟ್ಟಿದ ಹ್ಯಾಸಿಯಂ

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲುಗಳ ಕಡೆ ಹೋದವರಿಗೆ ಕೆಂಪು ಅದಿರು ಹೊತ್ತ ಲಾರಿಗಳು, ಉಕ್ಕಿನ ಕಾರ್ಖಾನೆ ಪರಿಚಿತ. ಆ ಅದಿರಿನಲ್ಲಿರುವ ಕಬ್ಬಿಣದ ಪ್ರತಿ 1000 ಪರಮಾಣುಗಳಲ್ಲಿ ಸುಮಾರು 3 ಮಾತ್ರ ಕಬ್ಬಿಣ-58 ಎಂಬ ಐಸೋಟೋಪಿನವು. 108ನೆಯ ಧಾತು ಹುಟ್ಟಿದ್ದು ಈ ಐಸೋಟೋಪಿನಿಂದಲೇ ಎಂಬುದು ನಿಮಗೆ ಗೊತ್ತೆ?

ಆವರ್ತ ಕೋಷ್ಟಕದಲ್ಲಿ ಕಬ್ಬಿಣದ ಕೆಳಗೆ ಕಣ್ಣಾಡಿಸಿ. ರುಥೇನಿಯಂ, ಆಸ್ಮಿಯಂ, ಅದರ ಕೆಳಗೆ ಹ್ಯಾಸಿಯಂ. ಇದು ನಿಸರ್ಗದಲ್ಲಿ ದೊರೆತಿಲ್ಲ, ಪ್ರಯೋಗಾಲಯದಲ್ಲಿ ತಯಾರಿಸಬೇಕು.

ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನುಗಳು ಹೆಚ್ಚಿದಂತೆ ಅವುಗಳ ನಡುವಣ ವಿಕರ್ಷಣೆಯೂ ಹೆಚ್ಚುತ್ತದೆ. ನ್ಯೂಕ್ಲಿಯಸ್ಸನ್ನು ದ್ರವದ ಹನಿಯಂತೆ ಭಾವಿಸಿ ಲೆಕ್ಕ ಹಾಕಿದರೆ, 108 ಪ್ರೋಟಾನುಗಳ ನ್ಯೂಕ್ಲಿಯಸ್ ಹುಟ್ಟಿದ ಕೂಡಲೇ ಇಬ್ಭಾಗವಾಗಬೇಕು. ಹಾಗಾದರೆ ಆವರ್ತ ಕೋಷ್ಟಕ ಅಲ್ಲಿಗೇ ಮುಗಿಯಿತೆ? ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಇದು.

1984ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಪೀಟರ್ ಆರ್ಮ್‌ಬ್ರುಸ್ಟರ್, ಗಾಟ್‌ಫ್ರೀಡ್ ಮ್ಯುಂಜೆನ್‌ಬರ್ಗ್ ಮತ್ತು ಸಂಗಡಿಗರು ಕಬ್ಬಿಣ-58ರ ಅಯಾನುಗಳನ್ನು ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಭಾಗಕ್ಕೆ ಉತ್ಕರ್ಷಿಸಿ ಸೀಸ-208ರ ತೆಳು ಹಾಳೆಗೆ ಹಾಯಿಸಿದರು. ಕಬ್ಬಿಣದ 26 ಮತ್ತು ಸೀಸದ 82 ಪ್ರೋಟಾನುಗಳು ಸೇರಿದರೆ 108. ಸಮ್ಮಿಲನದ ನಂತರ ಒಂದು ನ್ಯೂಟ್ರಾನ್ ಹೊರಬಿದ್ದು ಹ್ಯಾಸಿಯಂ-265 ಉಳಿಯಿತು. ದೊರೆತದ್ದು ಮೂರೇ ಪರಮಾಣುಗಳು! ಅದರ ಅರ್ಧಾಯು ಸುಮಾರು 2 ಮಿಲಿಸೆಕೆಂಡು. ಆದರೆ ಅದು ಇಬ್ಭಾಗವಾಗಲಿಲ್ಲ. ಆಲ್ಫಾ ಕಣವನ್ನು ಹೊರಸೂಸಿ ಸೀಬೋರ್ಗಿಯಂ ಆಯಿತು, ಅದು ಮತ್ತೊಂದು ಆಲ್ಫಾ ಕಣ ಸೂಸಿ ಮೊದಲೇ ಗೊತ್ತಿದ್ದ ರುದರ್‌ಫೋರ್ಡಿಯಂ ಆಯಿತು. ಮಗುವಿನಿಂದ ತಾಯಿಯ ಗುರುತು ಸಿಕ್ಕಿತು. ನ್ಯೂಕ್ಲಿಯಸ್ಸಿನ ಒಳಗಿನ ಕವಚ ರಚನೆಯೇ ಅದನ್ನು ಹಿಡಿದಿಟ್ಟಿತ್ತು. ಆವರ್ತ ಕೋಷ್ಟಕದ ದಾರಿ ಮುಚ್ಚಿರಲಿಲ್ಲ.

ರಷ್ಯಾದ ದುಬ್ನಾದಲ್ಲಿಯೂ ಇದೇ ಧಾತುವಿಗಾಗಿ ಪ್ರಯೋಗಗಳು ನಡೆದಿದ್ದವು. ಅಂತರರಾಷ್ಟ್ರೀಯ ಸಮಿತಿ ಮುಖ್ಯ ಶ್ರೇಯಸ್ಸನ್ನು ಡಾರ್ಮ್‌ಸ್ಟಾಟ್‌ಗೆ ನೀಡಿತು. ಆ ನಗರವಿರುವ ಹೆಸ್ಸೆ ರಾಜ್ಯದ ಲ್ಯಾಟಿನ್ ಹೆಸರು ಹ್ಯಾಸಿಯಾ. 1997ರಲ್ಲಿ ಧಾತುವಿನ ಹೆಸರು ಹ್ಯಾಸಿಯಂ ಎಂದು ಅಂತಿಮವಾಯಿತು.

ಇದರ ರಾಸಾಯನಿಕ ಗುಣ ತಿಳಿಯುವುದು ಹೇಗೆ? 2001ರಲ್ಲಿ ಅದೇ ಪ್ರಯೋಗಾಲಯದಲ್ಲಿ ಕ್ಯೂರಿಯಂ-248ನ್ನು ಮೆಗ್ನೀಸಿಯಂ-26ರಿಂದ ತಾಡಿಸಿ ಕೆಲವು ಸೆಕೆಂಡುಗಳ ಕಾಲ ಬಾಳುವ ಭಾರದ ಐಸೋಟೋಪುಗಳನ್ನು ಪಡೆದರು. ಅವು ಆಕ್ಸಿಜನ್ನಿನೊಡನೆ ಕೂಡಿ ಹ್ಯಾಸಿಯಂ ಟೆಟ್ರಾಕ್ಸೈಡ್ ಆದವು. ಕ್ರಮೇಣ ತಣ್ಣಗಾಗುವ ನಾಳದಲ್ಲಿ ಈ ಅಣುಗಳು ಸುಮಾರು -44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಟಿಕೊಂಡವು. ಆಸ್ಮಿಯಂ ಟೆಟ್ರಾಕ್ಸೈಡ್ ಸುಮಾರು -82 ಡಿಗ್ರಿಯಲ್ಲಿ. ಅಂದರೆ ಆಸ್ಮಿಯಂನ ಬಂಧುವೇ, ಆದರೆ ಬಾಷ್ಪಶೀಲತೆ ಸ್ವಲ್ಪ ಕಡಿಮೆ. ಈ ತೀರ್ಮಾನಕ್ಕೆ ಆಧಾರವಾದದ್ದು ಕೇವಲ ಏಳು ಅಣುಗಳು.

ಅಧ್ಯಾಪಕರು ಎಂಟನೆಯ ಗುಂಪಿನ ಪಾಠ ಮಾಡುವಾಗ ಕಬ್ಬಿಣದಲ್ಲೇ ನಿಲ್ಲಬೇಕಾಗಿಲ್ಲ. ಮೆಂಡಲೀವ್ 1869ರಲ್ಲಿ ರಚಿಸಿದ ಕೋಷ್ಟಕದ ನಿಯಮ, ಎಣಿಸಿದಷ್ಟೇ ಪರಮಾಣುಗಳಿರುವ ಧಾತುವಿಗೂ ಅನ್ವಯಿಸಿತೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದು.